ಮಾರುವಂತಿಲ್ಲದ ಧ್ವನಿಸುರುಳಿಗಳು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ನಿವೃತ್ತ ಮುಖ್ಯೋಪಾಧ್ಯಾಯನಾದ ನನ್ನಿಂದ ಶಾಲೆಯ ಇತಿಹಾಸವನ್ನೋ ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿಯನ್ನೋ ಅವರು ನಿರೀಕ್ಷಿಸಿದ್ದಿರಬಹುದು. ಆ ಎರಡು ವಿಷಯಗಳನ್ನೂ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಬರೆಯಹೊರಟಿರುವುದು ಅಮೇರಿಕದ ಒಂದು ರಾಕ್ ಸಂಗೀತ ತಂಡದ ಬಗ್ಗೆ, ಅದರ ತಿರುಗಾಟದ ಬಗ್ಗೆ ಮತ್ತು ಅದರ ಕಛೇರಿಗಳ ಧ್ವನಿಮುದ್ರಣದ ಬಗ್ಗೆ. ಕಾಸರಗೋಡಿನ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ತನಕ ಓದಿ, ತರಬೇತಿ ಮುಗಿಸಿ ಮಾಷ್ಟ್ರಾದವನಿಗೆ ಈ ಉಸಾಬರಿ ಏಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಕಾರಣ ಓದುತ್ತ ಹೋದಂತೆ ತಿಳಿದೀತು.

ತಂಡದ ಹೆಸರು ‘ಗ್ರೇಟ್‌ಫುಲ್ ಡೆಡ್’. ‘ಕೃತಜ್ಞ ಮೃತರು’ ಎಂದು ಅರ್ಥ. ಕೇಳಲು ಅಪಶಕುನದಂತಿರುವ ಈ ಹೆಸರಿನ ಹಿಂದೆ ಹಳೆಯದೊಂದು ಜನಪದ ಕಥೆಯಿದೆ. ದಾರಿಹೋಕನೊಬ್ಬ, ಸಾಲ ತೀರಿಸದೆ ಸತ್ತವನೊಬ್ಬನ ಶವ ಅನಾಥವಾಗಿ ಬಿದ್ದಿರುವುದನ್ನು ಕಂಡು, ಕೈಯಲ್ಲಿದ್ದ ಹಣವನ್ನೆಲ್ಲ ಕೊಟ್ಟು ಸಂಸ್ಕಾರ ಮಾಡಿಸುತ್ತಾನೆ; ಮುಂದೆ ಆ ಸತ್ತವನೇ ಬೇರೊಂದು ರೂಪದಲ್ಲಿ ಬಂದು ಅವನಿಗೆ ನೆರವಾಗುತ್ತಾನೆ. ತಂಡದ ಪ್ರಮುಖ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಈ ಪದಪುಂಜವನ್ನು ನಿಘಂಟೊಂದರಲ್ಲಿ ಕಂಡು ಆರಿಸಿಕೊಂಡನಂತೆ. ನಿಘಂಟು ತಿರುವಿಹಾಕುವ ಅಭ್ಯಾಸವುಳ್ಳವರ ಮೇಲೆ ನನಗೆ ಮೊದಲಿನಿಂದಲೂ ಪಕ್ಷಪಾತ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿದ 1965ನೇ ಇಸವಿಯಲ್ಲಿಯೇ ಈ ತಂಡವೂ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಎಂಬಲ್ಲಿ ಹುಟ್ಟಿತು. ಗಾರ್ಸಿಯಾ ಅಲ್ಲಿ ವಾದ್ಯಗಳ ಅಂಗಡಿಯೊಂದರಲ್ಲಿ ಪಾಠ ಹೇಳಿಕೊಡುತ್ತಿದ್ದವನು. ಎಳವೆಯಲ್ಲಿಯೇ ಕೊಡಲಿಯೇಟಿಗೆ ಬಲಗೈಯ ನಡುಬೆರಳಿನ ಬಹುಭಾಗವನ್ನು ಕಳೆದುಕೊಂಡಿದ್ದ ಆತ ಉಳಿದ ಬೆರಳುಗಳಿಂದಲೇ ಸಾಧನೆ ಮಾಡಿದ. ಬಾಬ್ ವಿಯರ್, ಫಿಲ್ ಲೆಶ್, ‘ಪಿಗ್‌ಪೆನ್’ ಎಂಬ ಅಡ್ಡಹೆಸರಿನ ರಾನ್ ಮೆಕರ್ನನ್, ತಾಳವಾದ್ಯಕ್ಕೆ ಬಿಲ್ ಕ್ರಾಯ್ಟ್‌ಮನ್, 1967ರಲ್ಲಿ ಸೇರಿಕೊಂಡ ಎರಡನೆಯ ತಾಳವಾದಕ ಮಿಕಿ ಹಾರ್ಟ್ ಇವರು ಮೊದಲ ತಲೆಯ ಕಲಾವಿದರು. ಆ ಕಾಲದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮಾದಕ ಪದಾರ್ಥಗಳ ಹಾವಳಿಯಿತ್ತು. ಈ ತಂಡದವರು ಅದರಿಂದ ದೂರ ಉಳಿದವರಲ್ಲ, ಅದರ ನಡುವಿನಲ್ಲಿಯೇ ಇದ್ದವರು. ಗಾರ್ಸಿಯಾನ ಆಯುಷ್ಯವನ್ನು ಮುರುಟಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಅಧ್ಯಾಪಕನಾದವನು ಇದನ್ನು ಮರೆಮಾಚಿ ಬರೆಯಬಾರದು. ಮೆಚ್ಚತಕ್ಕದ್ದು ಬೇರೆ ಇದೆ.

1965ರಿಂದ 1995ರವರೆಗಿನ 30 ವರ್ಷಗಳಲ್ಲಿ ಈ ತಂಡ ಸುಮಾರು 2,300 ಕಛೇರಿಗಳನ್ನು ನೀಡಿತು. ದೀಪಾವಳಿ ಕಳೆದು ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ನಮ್ಮ ಯಕ್ಷಗಾನ ಮೇಳಗಳನ್ನು ಕಂಡ ನಮಗೆ ತಿರುಗಾಟವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಅಲ್ಲಿಯೂ ಹಾಗೆಯೇ. ವಸಂತದ ತಿರುಗಾಟ, ಬೇಸಗೆಯ ತಿರುಗಾಟ, ಶರತ್ಕಾಲದ ತಿರುಗಾಟ. ಲಾರಿಗಳಲ್ಲಿ ಸಾಮಾನು, ದಿನಕ್ಕೊಂದು ಊರು. ಮೇಳ ಹೋದಲ್ಲೆಲ್ಲ ಹಿಂಬಾಲಿಸುವ ಅಭಿಮಾನಿಗಳು ಇಲ್ಲಿದ್ದಂತೆ ಅಲ್ಲಿಯೂ ಇದ್ದರು. ಅವರನ್ನು ‘ಡೆಡ್‌ಹೆಡ್’ಗಳೆಂದು ಕರೆಯುತ್ತಿದ್ದರು. ನಮ್ಮ ಡೇರೆಯ ಹೊರಗೆ ಚರುಂಬುರಿ, ನೆಲಗಡಲೆ ಮಾರಿದಂತೆ ಅವರು ಬಯಲಿನಲ್ಲಿ ತಿಂಡಿ, ಬಣ್ಣದ ಅಂಗಿ ಮಾರಿ ಮುಂದಿನ ಊರಿನ ಖರ್ಚು ಹೊಂದಿಸಿಕೊಳ್ಳುತ್ತಿದ್ದರು.

ಹಿಂಬಾಲಿಸುವುದಕ್ಕೆ ಕಾರಣವಿತ್ತು. ಇಂದಿನ ಕಛೇರಿ ನಿನ್ನೆಯದರಂತೆ ಇರುತ್ತಿರಲಿಲ್ಲ. ಯಾವ ಹಾಡು, ಯಾವುದರ ಬೆನ್ನಿಗೆ ಯಾವುದು, ಎಷ್ಟು ಹೊತ್ತು ಎಂಬುದು ರಂಗದ ಮೇಲೆಯೇ ನಿಶ್ಚಯವಾಗುತ್ತಿತ್ತು. ಪದ್ಯ ಒಂದೇ ಆದರೂ ಅರ್ಥಧಾರಿ ಬದಲಾದಂತೆ, ಎದುರಾಳಿಯ ಮಾತು ಬದಲಾದಂತೆ, ತಾಳಮದ್ದಲೆ ಬೇರೆಯಾಗುವುದಿಲ್ಲವೇ? 1969ರಲ್ಲಿ ಹೊರಬಂದ ‘ಲೈವ್/ಡೆಡ್’ ಎಂಬ ಅವರ ಮುದ್ರಿಕೆಯಲ್ಲಿ ‘ಡಾರ್ಕ್ ಸ್ಟಾರ್’ ಎಂಬ ಒಂದೇ ಹಾಡು 23 ನಿಮಿಷಗಳಷ್ಟು ಹಬ್ಬಿ ತಟ್ಟೆಯ ಒಂದು ಬದಿಯನ್ನು ಪೂರ್ತಿ ತುಂಬಿದೆ. 16 ಪಥಗಳ ಯಂತ್ರವನ್ನು ಕಛೇರಿಯ ಸ್ಥಳಕ್ಕೇ ಒಯ್ದು ಮುದ್ರಿಸಿ ಪ್ರಕಟಿಸಿದ ಮೊದಲ ರಾಕ್ ಮುದ್ರಿಕೆ ಅದು. ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆ ಇವರ ಕಲೆ ಅರಳುತ್ತಿರಲಿಲ್ಲ, ಸಭೆ ಬೇಕಿತ್ತು.

ತಂಡದ ಧ್ವನಿವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಔಸ್ಲಿ ಸ್ಟ್ಯಾನ್ಲಿ ಎಂಬಾತ ಪ್ರತಿ ರಾತ್ರಿಯೂ ಕಛೇರಿಯನ್ನು ಸುರುಳಿಗೆ ಇಳಿಸಿಕೊಳ್ಳುತ್ತಿದ್ದ. ಮಾರುವುದಕ್ಕಲ್ಲ. ತಾನು ಹೊಂದಿಸಿದ ಧ್ವನಿ ಸರಿಯಿತ್ತೇ, ಎಲ್ಲಿ ಎಡವಿತು ಎಂದು ಮರುದಿನ ಪರೀಕ್ಷಿಸುವುದಕ್ಕೆ. ನಮ್ಮ ಪಾಠಟಿಪ್ಪಣಿ ಪುಸ್ತಕದಂತೆ ಎನ್ನೋಣ. ಈ ಶಿಸ್ತಿನ ಫಲವಾಗಿ ತಂಡದ ಬಹುಪಾಲು ಕಛೇರಿಗಳು ಒಂದಲ್ಲ ಒಂದು ರೂಪದಲ್ಲಿ ಉಳಿದುಕೊಂಡಿವೆ.

ಅದೇ ಧ್ವನಿಶ್ರದ್ಧೆ 1974ರಲ್ಲಿ ‘ವಾಲ್ ಆಫ್ ಸೌಂಡ್’ ಎಂಬ ಬೃಹತ್ ವ್ಯವಸ್ಥೆಗೆ ಕಾರಣವಾಯಿತು. ಸುಮಾರು 600 ಸ್ಪೀಕರುಗಳ ಗೋಡೆ; ತೂಕ ಸುಮಾರು 75 ಟನ್. ಪ್ರತಿಯೊಂದು ವಾದ್ಯಕ್ಕೂ ಅದರದ್ದೇ ಸ್ಪೀಕರುಗಳು, ಅವೂ ಕಲಾವಿದರ ಬೆನ್ನ ಹಿಂದೆ. ಸಭಿಕರು ಕೇಳಿದ್ದನ್ನೇ ಕಲಾವಿದರೂ ಕೇಳಬೇಕೆಂಬುದು ಉದ್ದೇಶ. ಹಾಗೆ ಇಟ್ಟರೆ ಮೈಕು ಕಿರುಚಬೇಕಷ್ಟೆ? ನಮ್ಮ ವಾರ್ಷಿಕೋತ್ಸವಗಳಲ್ಲಿ ಸ್ವಾಗತ ಭಾಷಣಕ್ಕಿಂತ ಮೊದಲು ಮೈಕು ‘ಕುಂಯ್’ ಎನ್ನುವುದನ್ನು ಕೇಳದವರು ಯಾರಿದ್ದಾರೆ? ಅವರು ಕಂಡುಕೊಂಡ ಉಪಾಯ ಸೊಗಸಾದದ್ದು. ಗಾಯಕನ ಮುಂದೆ ಜೋಡಿ ಮೈಕು. ಹಾಡುವುದು ಒಂದರಲ್ಲಿ ಮಾತ್ರ. ಎರಡನ್ನೂ ಪರಸ್ಪರ ವಿರುದ್ಧವಾಗಿ ಜೋಡಿಸಿರುವುದರಿಂದ, ಹಿಂದಿನ ಗೋಡೆಯಿಂದ ಎರಡಕ್ಕೂ ಸಮನಾಗಿ ಬಂದ ಸದ್ದು ಐದರಿಂದ ಐದನ್ನು ಕಳೆದಂತೆ ಶೂನ್ಯವಾಗುತ್ತದೆ. ಒಂದಕ್ಕೆ ಮಾತ್ರ ತಾಗಿದ ಗಾಯಕನ ದನಿ ಉಳಿಯುತ್ತದೆ. ಕೇಳಿದಾಗ ನನಗೆ ಏಳನೆಯ ತರಗತಿಯ ಗಣಿತವೇ ನೆನಪಾಯಿತು. ಆದರೆ ಇಷ್ಟನ್ನು ಊರೂರಿಗೆ ಹೊತ್ತು ತಿರುಗುವ ಖರ್ಚು ತಂಡವನ್ನು ಹಣ್ಣುಮಾಡಿತು. 1974ರ ಅಕ್ಟೋಬರಿನಲ್ಲಿ ತಿರುಗಾಟವನ್ನೇ ನಿಲ್ಲಿಸಿ, ಮತ್ತೆ ಹೊರಟದ್ದು 1976ರಲ್ಲಿ, ಆ ಗೋಡೆಯನ್ನು ಬಿಟ್ಟು.

ಇನ್ನು ನನ್ನನ್ನು ಈ ಲೇಖನಕ್ಕೆ ಪ್ರೇರೇಪಿಸಿದ ಸಂಗತಿ. ತಂಡದವರು ಮುದ್ರಿಸಿಕೊಂಡದ್ದು ಒಂದಾದರೆ, ಕೇಳುಗರು ಮುದ್ರಿಸಿಕೊಂಡದ್ದು ಇನ್ನೊಂದು. 1970ರ ದಶಕದ ಮೊದಲಿನಿಂದಲೇ ಅಭಿಮಾನಿಗಳು ಟೇಪ್ ರೆಕಾರ್ಡರುಗಳನ್ನು ಅಂಗಿಯೊಳಗೆ, ಚೀಲದೊಳಗೆ ಅಡಗಿಸಿ ತಂದು ಕಛೇರಿಗಳನ್ನು ಮುದ್ರಿಸುತ್ತಿದ್ದರು. ಬೇರೆ ತಂಡಗಳಾಗಿದ್ದರೆ ಕಾವಲುಗಾರರು ಯಂತ್ರವನ್ನು ಕಿತ್ತುಕೊಳ್ಳುತ್ತಿದ್ದರು. ಇವರು ಕ್ರಮೇಣ ಕಣ್ಣು ಮುಚ್ಚಿಕೊಂಡರು. ನಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರದ್ದು ಎಂಬುದು ಗಾರ್ಸಿಯಾನ ನಿಲುವಾಗಿತ್ತು. ಕೊನೆಗೆ ಮೈಕಿನ ಕೋಲುಗಳ ಕಾಡು ಬೆಳೆದು ಧ್ವನಿತಂತ್ರಜ್ಞನಿಗೆ ರಂಗವೇ ಕಾಣದಂತಾದಾಗ, 1984ರ ಅಕ್ಟೋಬರಿನಿಂದ ಮುದ್ರಿಸುವವರಿಗೆಂದೇ ಹಿಂಬದಿಯಲ್ಲಿ ಪ್ರತ್ಯೇಕ ಜಾಗ, ಪ್ರತ್ಯೇಕ ಟಿಕೇಟು ಏರ್ಪಡಿಸಿದರು. ನಿಬಂಧನೆ ಒಂದೇ: ಮಾರಬಾರದು. ಖಾಲಿ ಸುರುಳಿ ಮತ್ತು ಅಂಚೆವೆಚ್ಚ ಕಳುಹಿಸಿದರೆ ಗುರುತಿಲ್ಲದವನಿಗೂ ಪ್ರತಿ ಮಾಡಿ ಕಳುಹಿಸುವುದು ಅವರೊಳಗಿನ ಮರ್ಯಾದೆಯಾಗಿತ್ತು.

ಈ ವ್ಯವಸ್ಥೆಯ ಒಂದು ಎಳೆ ನಮ್ಮ ಊರಿಗೂ ತಲುಪಿತು. ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿಯೊಬ್ಬ ಉನ್ನತ ವ್ಯಾಸಂಗಕ್ಕೆಂದು ಅಮೇರಿಕಕ್ಕೆ ಹೋಗಿದ್ದವನು, 1989ರಲ್ಲಿ ರಜೆಗೆ ಬಂದಾಗ ನಮ್ಮ ಮನೆಗೆ ಬಂದ. ಅವನ ಚೀಲದಲ್ಲಿ ಪಾದರಕ್ಷೆಯ ಪೆಟ್ಟಿಗೆಯೊಂದರ ತುಂಬ 90 ನಿಮಿಷಗಳ ಕ್ಯಾಸೆಟ್ಟುಗಳು. ಮುದ್ರಿತ ಹೊದಿಕೆಯಿಲ್ಲ, ತಾರೀಕು, ಊರು, ಹಾಡುಗಳ ಪಟ್ಟಿ ಎಲ್ಲವೂ ಯಾರದೋ ಕೈಬರಹದಲ್ಲಿ. ಎಷ್ಟು ಕೊಟ್ಟೆ ಎಂದು ಕೇಳಿದೆ. “ಇದು ಮಾರುವಂಥದ್ದಲ್ಲ ಮಾಷ್ಟ್ರೇ, ಕೊಟ್ಟು ತೆಗೆದುಕೊಳ್ಳುವಂಥದ್ದು” ಎಂದ. ಹೊರಡುವಾಗ ಪೆಟ್ಟಿಗೆಯನ್ನೂ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಪ್ರತಿ ಮಾಡುವ ಜೋಡಿ ಯಂತ್ರವನ್ನೂ ಬಿಟ್ಟುಹೋದ.

ಮೊದಲ ಬಾರಿ ಕೇಳಿದಾಗ ಗದ್ದಲವೆನಿಸಿತೆಂದು ಒಪ್ಪಬೇಕು. ಅರ್ಧ ಗಂಟೆಯಾದರೂ ಮುಗಿಯದ ಹಾಡನ್ನು ಕೇಳಿ ನನ್ನ ಮನೆಯವಳು ಅಡುಗೆಮನೆಯಿಂದ, “ಇದಕ್ಕೆ ಮಂಗಳ ಹಾಡುವುದು ಯಾವಾಗ?” ಎಂದು ವಿಚಾರಿಸಿದಳು. ಕಿವಿ ಹಿಡಿದು ನಿಲ್ಲಿಸಿದ್ದು ಕಛೇರಿಯ ಉತ್ತರಾರ್ಧದ ನಡುವೆ ಬರುವ ತಾಳವಾದ್ಯದ ಭಾಗ. ಉಳಿದವರೆಲ್ಲ ಒಳಗೆ ಸರಿದು ಇಬ್ಬರೇ ನುಡಿಸುವ ಅದನ್ನು, ಚೆಂಡೆಯ ಪೀಠಿಕೆ ಕೇಳಿ ಬೆಳೆದವನು ಪರಕೀಯವೆನ್ನಲಾರ. ಮಿಕಿ ಹಾರ್ಟ್ ಉಸ್ತಾದ್ ಅಲ್ಲಾರಖಾ ಅವರಲ್ಲಿ ಲಯದ ಪಾಠ ಕಲಿತವನೆಂಬುದು ಅನಂತರ ತಿಳಿಯಿತು. 2024ರಲ್ಲಿ ನಮ್ಮನ್ನಗಲಿದ ಝಾಕಿರ್ ಹುಸೇನ್ ಅವರೂ ಘಟಂ ವಿದ್ವಾಂಸ ವಿಕ್ಕು ವಿನಾಯಕರಾಂ ಅವರೂ ಹಾರ್ಟ್‌ನೊಡನೆ 1991ರ ‘ಪ್ಲಾನೆಟ್ ಡ್ರಮ್’ ಮುದ್ರಿಕೆಯಲ್ಲಿ ನುಡಿಸಿದ್ದಾರೆ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಪೆಟ್ಟಿಗೆಯಲ್ಲಿದ್ದುದರಲ್ಲಿ ನಾನು ಅತಿ ಹೆಚ್ಚು ಕೇಳಿದ್ದು 1977ರ ಮೇ 8ರಂದು ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಛೇರಿ. ವಾದ್ಯಗಳು ಒಂದನ್ನೊಂದು ತುಳಿಯದೆ ಪ್ರತ್ಯೇಕವಾಗಿ, ನಿರ್ಮಲವಾಗಿ ಕೇಳುತ್ತವೆ. ಇದನ್ನು ಮುದ್ರಿಸಿದವಳು ಬೆಟ್ಟಿ ಕ್ಯಾಂಟರ್ ಜ್ಯಾಕ್ಸನ್ ಎಂಬ ತಂತ್ರಜ್ಞೆ. ಆಕೆ ಮುದ್ರಿಸಿದ ಸುರುಳಿಗಳ ಗತಿಯನ್ನು ಕೇಳಿ. ಬಾಡಿಗೆಯ ಉಗ್ರಾಣದಲ್ಲಿ ಅವನ್ನು ಇರಿಸಲಾಗಿತ್ತು. ಬಾಡಿಗೆ ಬಾಕಿಯಾದ್ದರಿಂದ 1986ರಲ್ಲಿ ಹರಾಜಾದವು. ಕೊಂಡವರು ಗುರುತಿಲ್ಲದ ಜನ. ಅವರಿಂದ ಪ್ರತಿಯಾಗಿ, ಪ್ರತಿಯ ಪ್ರತಿಯಾಗಿ ಲೋಕದಲ್ಲಿ ಹರಡಿದವು. ಅದೇ ಕಛೇರಿಯನ್ನು ಅಮೇರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯ 2011ನೇ ಸಾಲಿಗೆ ಸೇರಿಸಿಕೊಂಡಿತು. ತಂಡದ ಕಡೆಯಿಂದ ಅಧಿಕೃತ ಮುದ್ರಿಕೆ ಬಂದದ್ದು 2017ರಲ್ಲಿ, ಅಂದರೆ 40 ವರ್ಷಗಳ ಬಳಿಕ. ಅಷ್ಟು ಕಾಲ ಅದು ಜನಜನಿತವಾಗಿದ್ದುದು ಯಾರೂ ಮಾರದೆ ಹಂಚಿಕೊಂಡ ಪ್ರತಿಗಳಿಂದಲೇ.

ಎಲ್ಲ ಕಛೇರಿಗಳೂ ಹಾಗೆ ಕಳೆಗಟ್ಟಿದವೆಂದಲ್ಲ. 1978ರ ಸೆಪ್ಟೆಂಬರ್ 14ರಿಂದ 16ರ ತನಕ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಬುಡದಲ್ಲಿ ಮೂರು ರಾತ್ರಿ ನುಡಿಸಿದರು. ಕೊನೆಯ ರಾತ್ರಿ ಚಂದ್ರಗ್ರಹಣ. ಸುಡಾನಿನ ಗಡಿಯ ನ್ಯೂಬಿಯಾ ಸೀಮೆಯ ಹಮ್ಜಾ ಎಲ್ ದೀನ್ ಎಂಬ ಕಲಾವಿದರು ತಮ್ಮ ಸಂಗಡಿಗರೊಂದಿಗೆ ಕೈಚಪ್ಪಾಳೆ ತಟ್ಟಿ ಹಾಡುತ್ತಿರುವಾಗ ಇವರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡದ್ದಂತೂ ಚೆಲುವಾದ ಭಾಗ. ಮಹಾಪಿರಮಿಡ್ಡಿನ ಒಳಕೋಣೆಗೆ ತಂತಿ ಎಳೆದು ಅದರ ಪ್ರತಿಧ್ವನಿಯನ್ನು ಬಳಸುವ ಯೋಚನೆ ಕೈಗೂಡಲಿಲ್ಲ. ಪಿಯಾನೋ ಶ್ರುತಿ ತಪ್ಪಿತ್ತು. ಕ್ರಾಯ್ಟ್‌ಮನ್ ಮಣಿಕಟ್ಟು ಮುರಿದುಕೊಂಡು ಒಂದೇ ಕೈಯಲ್ಲಿ ನುಡಿಸಿದ. ತಂಡಕ್ಕೇ ತೃಪ್ತಿಯಾಗದೆ ಮುದ್ರಿಕೆ ಕಪಾಟು ಸೇರಿತು. ಆಯ್ದ ಭಾಗ ಹೊರಬಂದದ್ದು 2008ರಲ್ಲಿ. ಸ್ಥಳಮಹಾತ್ಮ್ಯದಿಂದ ಆಟ ರೈಸುವುದಿಲ್ಲವೆಂದು ನಮ್ಮ ಭಾಗವತರುಗಳೂ ಹೇಳುವುದುಂಟು.

1972ರ ಯೂರೋಪಿನ ತಿರುಗಾಟ ಇದಕ್ಕೆ ವ್ಯತಿರಿಕ್ತ. ಏಪ್ರಿಲ್, ಮೇ ತಿಂಗಳುಗಳಲ್ಲಿ 22 ಕಛೇರಿಗಳು. ಅಂದು ಮೂರು ತಟ್ಟೆಗಳ ಸಂಗ್ರಹವಾಗಿ ಬಂದ ಅದರ ಆಯ್ದ ಭಾಗ ಸಾಲದೆಂದು 2011ರಲ್ಲಿ ಅಷ್ಟೂ ಕಛೇರಿಗಳನ್ನು 73 ಸಿ.ಡಿ.ಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಪಿಗ್‌ಪೆನ್‌ನ ದನಿಯಿದೆ. ದೇಹಸ್ಥಿತಿ ಆಗಲೇ ಕೆಟ್ಟಿತ್ತು. ಮರುವರ್ಷ 1973ರ ಮಾರ್ಚಿನಲ್ಲಿ 27ನೇ ವಯಸ್ಸಿಗೆ ತೀರಿಕೊಂಡ. ಅವನ ಬಳಿಕ ಆ ಪೀಠದಲ್ಲಿ ಕುಳಿತ ಕೀತ್ ಗಾಡ್ಶೋ 1980ರಲ್ಲಿಯೂ ಬ್ರೆಂಟ್ ಮಿಡ್‌ಲ್ಯಾಂಡ್ 1990ರಲ್ಲಿಯೂ ಅಕಾಲ ಮರಣಕ್ಕೆ ಈಡಾದರು.

ಈ ಸುರುಳಿಗಳನ್ನು ತಾರೀಕಿನ ಕ್ರಮದಲ್ಲಿ ಕೇಳುತ್ತ ಹೋದರೆ ಬೇರೆ ಯಾವ ಸಂಗೀತದಲ್ಲಿಯೂ ದೊರೆಯದ ಅನುಭವವೊಂದು ಒದಗುತ್ತದೆ. ಮನುಷ್ಯನೊಬ್ಬನು ಮುದುಕನಾಗುವುದನ್ನು ಕಿವಿಯಿಂದಲೇ ಕೇಳಬಹುದು. 1972ರ ಗಾರ್ಸಿಯಾನ ದನಿ ಎಳೆಯದು, ನೇರವಾದದ್ದು. 1977ರಲ್ಲಿ ತುಂಬಿಬಂದಿದೆ. 1980ರ ದಶಕದ ನಡುವೆ ಒಡೆದು, ಗರಗರಿಸಿ, ಮಾತುಗಳನ್ನು ಮರೆಯುತ್ತದೆ. 1986ರ ಜುಲೈಯಲ್ಲಿ ಮಧುಮೇಹದಿಂದ ಪ್ರಜ್ಞೆ ತಪ್ಪಿ, ಎಚ್ಚತ್ತ ಮೇಲೆ ಗಿಟಾರನ್ನು ಮೊದಲಿನಿಂದಲೆಂಬಂತೆ ಕಲಿಯಬೇಕಾಯಿತು. ಮರುವರ್ಷದ ಸುರುಳಿಯಲ್ಲಿ ಆ ದನಿಗೆ ಸಭಿಕರು ಎಬ್ಬಿಸಿದ ಕೋಲಾಹಲವನ್ನು ಕೇಳಬೇಕು. ಅದೇ 1987ರಲ್ಲಿ ‘ಟಚ್ ಆಫ್ ಗ್ರೇ’ ಎಂಬ ಹಾಡು ಮೊದಲ ಹತ್ತರೊಳಗೆ ಬಂದು ತಂಡಕ್ಕೆ ಹಿಂದೆಂದೂ ಇಲ್ಲದ ಜನಸಂದಣಿಯನ್ನು ತಂದಿತು. ಸಂದಣಿ ಒಳ್ಳೆಯದನ್ನು ಮಾಡಲಿಲ್ಲ. 1995ರ ಜುಲೈಯಲ್ಲಿ ಇಂಡಿಯಾನಾ ರಾಜ್ಯದ ಡಿಯರ್ ಕ್ರೀಕ್‌ನಲ್ಲಿ ಟಿಕೇಟಿಲ್ಲದವರು ಬೇಲಿ ಮುರಿದು ನುಗ್ಗಿದ್ದರಿಂದ ಮರುದಿನದ ಕಛೇರಿಯೇ ರದ್ದಾಯಿತು. ಜುಲೈ 9ರಂದು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ನಡೆದದ್ದು ಕೊನೆಯದು. ಆಗಸ್ಟ್ 9ರಂದು ಗಾರ್ಸಿಯಾ ತೀರಿಕೊಂಡ. ವಯಸ್ಸು 53. ಮರುವರ್ಷ ಏಪ್ರಿಲಿನಲ್ಲಿ ಅವನ ಚಿತಾಭಸ್ಮದ ಒಂದು ಭಾಗವನ್ನು ಬಾಬ್ ವಿಯರ್ ಮತ್ತು ಗಾರ್ಸಿಯಾನ ಪತ್ನಿ ಹೃಷಿಕೇಶದಲ್ಲಿ ಗಂಗೆಗೆ ಬಿಟ್ಟರು.

ಗ್ರೇಟ್‌ಫುಲ್ ಡೆಡ್ ಎಂಬ ಹೆಸರಿನ ತಿರುಗಾಟ ಅಲ್ಲಿಗೆ ನಿಂತಿತು. ಉಳಿದವರು ಬೇರೆ ಬೇರೆ ಹೆಸರಿನಲ್ಲಿ ನುಡಿಸಿದ್ದುಂಟು. 2015ರಲ್ಲಿ 50 ವರ್ಷ ತುಂಬಿದಾಗ ಅದೇ ಸೋಲ್ಜರ್ ಫೀಲ್ಡ್‌ನಲ್ಲಿ ಸೇರಿದ್ದೂ ಉಂಟು. ಫಿಲ್ ಲೆಶ್ 2024ರಲ್ಲಿ ತೀರಿಕೊಂಡ. ಆದರೆ ಸುರುಳಿಗಳು ನಿಲ್ಲಲಿಲ್ಲ. ಸುರುಳಿ ವಿನಿಮಯದ ಅಭಿಮಾನಿಯಾಗಿದ್ದ ಡಿಕ್ ಲಟ್ವಾಲಾನನ್ನೇ ತಂಡ ತನ್ನ ಸಂಗ್ರಹದ ಪಾಲಕನನ್ನಾಗಿ ಮಾಡಿಕೊಂಡಿತ್ತು. ಅವನ ಹೆಸರಿನಲ್ಲಿ 1993ರಲ್ಲಿ ಆರಂಭವಾದ ಮಾಲಿಕೆ, ಅವನು 1999ರಲ್ಲಿ ತೀರಿಕೊಂಡ ಮೇಲೂ ಮುಂದುವರಿದು 36 ಸಂಪುಟಗಳಾಯಿತು. ಇಂದು ನನ್ನ ಮೊಮ್ಮಗಳು ಮೊಬೈಲಿನಲ್ಲಿ ತಾರೀಕು ಒತ್ತಿದರೆ ಆ ರಾತ್ರಿಯ ಕಛೇರಿ ಬರುತ್ತದೆ.

ಶಾಲೆಯ ವಿಷಯಕ್ಕೆ ಬರುತ್ತೇನೆ. 1982ರಲ್ಲಿ ರಕ್ಷಕ ಶಿಕ್ಷಕ ಸಂಘದವರು ಶಾಲೆಗೊಂದು ಟೇಪ್ ರೆಕಾರ್ಡರ್ ಕೊಡಿಸಿದ್ದರು. ಪ್ರತಿವರ್ಷ ವಾರ್ಷಿಕೋತ್ಸವದಂದು ನಮ್ಮ ಮಕ್ಕಳು ನಡೆಸುತ್ತಿದ್ದ ತಾಳಮದ್ದಲೆಯನ್ನು ಅದರಲ್ಲಿ ಮುದ್ರಿಸುತ್ತಿದ್ದೆವು. ಭಾಗವತಿಕೆ ನಮ್ಮ ಕನ್ನಡ ಪಂಡಿತರದ್ದು. ಅವರು ಎಂದೂ ಮೇಳಕ್ಕೆ ಹೋದವರಲ್ಲ, ಆಕಾಶವಾಣಿಯಲ್ಲಿ ಹಾಡಿದವರಲ್ಲ. ಮಕ್ಕಳಿಗೆ ಅರ್ಥ ಹೇಳಲು ಕಲಿಸುವುದಕ್ಕಾಗಿಯೇ ಹಾಡಿದರು. ಮಲಯಾಳದಲ್ಲಿ ವ್ಯವಹರಿಸುವ ಪೇಟೆಯ ನಡುವೆ ಬೆಳೆಯುವ ಮಕ್ಕಳ ನಾಲಗೆಗೆ ಗಟ್ಟಿ ಕನ್ನಡ ಹತ್ತಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ಅವರ ಅಭಿಪ್ರಾಯವಾಗಿತ್ತು. 1997ರಲ್ಲಿ ಅವರು ತೀರಿಕೊಂಡರು.

1990ರಲ್ಲಿ ಆ ವಿದ್ಯಾರ್ಥಿ ಬಿಟ್ಟುಹೋದ ಜೋಡಿ ಯಂತ್ರವನ್ನು ಶಾಲೆಗೆ ಒಯ್ದು, ಕಚೇರಿಯ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿದೆ: ಖಾಲಿ ಕ್ಯಾಸೆಟ್ ತಂದವರಿಗೆ ತಾಳಮದ್ದಲೆಯ ಪ್ರತಿ ಮಾಡಿಕೊಡಲಾಗುವುದು, ಮಾರಬಾರದು. ಶಿಷ್ಯರಿಂದ ಕಲಿತದ್ದನ್ನು ಶಾಲೆಯಲ್ಲಿ ಅಳವಡಿಸುವುದಕ್ಕೆ ಇಲಾಖೆಯ ಸುತ್ತೋಲೆ ಬೇಕಾಗಿರಲಿಲ್ಲ. ಎಂಟು ಹತ್ತು ವರ್ಷಗಳ ಕಾಲ ಹೀಗೆ ಪ್ರತಿಗಳು ಹೊರಟವು. ಮುಂಬಯಿಗೆ, ಬೆಂಗಳೂರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಗಲ್ಫ್ ದೇಶಗಳಿಗೆ. ಒಬ್ಬ ಮಹಾಶಯರು ಎರವಲು ಒಯ್ದ ಮೂಲ ಕ್ಯಾಸೆಟ್ಟನ್ನೇ ಸಿನಿಮಾ ಹಾಡುಗಳಿಂದ ತುಂಬಿಸಿ ಮರಳಿಸಿದರು. ಆಮೇಲೆ ಮೂಲವನ್ನು ಯಾರಿಗೂ ಕೊಡಲಿಲ್ಲ.

ಉಳಿದ ಮೂಲ ಸುರುಳಿಗಳು ಕಪಾಟಿನ ತಗಡಿನ ಪೆಟ್ಟಿಗೆಯಲ್ಲಿದ್ದವು. ನಮ್ಮೂರಿನ ಮಳೆಗಾಲ ಎಂತಹುದೆಂದು ನಿಮಗೆ ತಿಳಿದಿದೆ. ಕಳೆದ ವರ್ಷ ಸಮಿತಿಯ ತರುಣರು ಪೆಟ್ಟಿಗೆ ತೆರೆದಾಗ ಪಟ್ಟಿಗಳ ಮೇಲೆ ಬಿಳಿಯ ಬೂಷ್ಟು ಹಿಡಿದಿತ್ತು. ಕೆಲವು ಒಂದಕ್ಕೊಂದು ಅಂಟಿ ಹರಿದವು. ಪಂಡಿತರ ಮಗಳು ಅಂದು ಅಲ್ಲಿಯೇ ಇದ್ದರು. ತಂದೆಯ ದನಿ ಅವರ ಮನೆಯಲ್ಲಿ ಬೇರೆ ಯಾವ ರೂಪದಲ್ಲಿಯೂ ಇಲ್ಲ.

ಆದ್ದರಿಂದ ಈಗ ಪ್ರತಿಗಳ ಅಗತ್ಯ ಬಿದ್ದಿದೆ. ಇದುವರೆಗೆ ಮೂರು ಬಂದಿವೆ. ಶಾರ್ಜಾದಿಂದ ಬಂದ 1988ರದ್ದು ಒಳ್ಳೆಯ ಸ್ಥಿತಿಯಲ್ಲಿದೆ. ಕುಂಬಳೆಯ ಕಡೆಯ ಒಂದು ಮನೆಯಿಂದ ಬಂದ 1991ರದ್ದರಲ್ಲಿ ಪದ್ಯಕ್ಕಿಂತ ಮಾಡಿನ ಹಂಚಿನ ಮೇಲೆ ಬಿದ್ದ ಮಳೆಯ ಸದ್ದೇ ಹೆಚ್ಚು. ಆದರೂ ಪಂಡಿತರು ಶ್ರುತಿ ಹಿಡಿದು ಕೆಮ್ಮಿದ್ದು ಸ್ಪಷ್ಟವಾಗಿ ಕೇಳುತ್ತದೆ, ಅವರ ಮಗಳು ಅದನ್ನೇ ಎರಡು ಬಾರಿ ಹಾಕಿಸಿ ಕೇಳಿದರು. ಮೂರನೆಯದು 1986ರ ‘ಕೃಷ್ಣ ಸಂಧಾನ’ದ ಪೂರ್ವಾರ್ಧ. ಕೃಷ್ಣ ಸಭೆಗೆ ಬರುವಲ್ಲಿಗೆ ನಿಲ್ಲುತ್ತದೆ. ಅಂದು ಕೌರವನ ಅರ್ಥ ಹೇಳಿದ ಹುಡುಗ ಈಗ ಐವತ್ತು ದಾಟಿದ ಗೃಹಸ್ಥ. ತಾನು ಏನು ಹೇಳಿದ್ದೆನೆಂದು ತಿಳಿಯಲು ಅವನಿಗೂ ಕುತೂಹಲವಿದೆ.

ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟುಗಳಿರುವವರು ಒಮ್ಮೆ ನೋಡಿ. ಯಂತ್ರಕ್ಕೆ ಹಾಕಿ ಪರೀಕ್ಷಿಸಲು ಹೋಗಬೇಡಿ, ಬೂಷ್ಟು ಹಿಡಿದಿದ್ದರೆ ಹರಿದೀತು. ಹಾಗೆಯೇ ಶಾಲೆಯ ಕಚೇರಿಗೆ ತಲುಪಿಸಿ. ಪ್ರತಿ ಮಾಡಿಕೊಂಡು ನಿಮ್ಮದನ್ನು ನಿಮಗೇ ಮರಳಿಸುತ್ತೇವೆ, ಬೇಕಾದವರಿಗೆ ಉಳಿದ ವರ್ಷಗಳದ್ದನ್ನೂ ಕೊಡುತ್ತೇವೆ. ಹಣ ತೆಗೆದುಕೊಳ್ಳುವುದಿಲ್ಲ. ನಾವು ಮುಖ್ಯವಾಗಿ ಹುಡುಕುತ್ತಿರುವ ಸುರುಳಿಯ ಮೇಲೆ, ನೀಲಿ ಶಾಯಿಯಲ್ಲಿ, ನನ್ನ ಕೈಬರಹದಲ್ಲಿ ‘ಕೃಷ್ಣ ಸಂಧಾನ, ಭಾಗ 2’ ಎಂದಿರುತ್ತದೆ.